ಹಿರಿಯವಳ ಸೂರಿಗೆ ಮೊದಲ ಬೆಳಕು

ಸೌರದೀಪದ ಏಜೆಂಟ್ ವಿಕ್ಲಿಫ್ ಏಣಿಯ ತುದಿಯಲ್ಲಿ ನಿಂತು ರೊಸೆಲಿದಾಳ ತಗಡಿನ ಸೂರಿಗೆ ಎರಡನೇ ಮೊಳೆ ಹೊಡೆಯುತ್ತಿದ್ದ. ಅಷ್ಟರಲ್ಲಿ ಅಂಗಳದಾಚೆಯ ಮನೆಯಿಂದ ಪೆರೆಸ್ ಹೊರಗೆ ಬಂದಳು. ಮುದ್ದೆ ತಿರುವುವ ಕೋಲು ಇನ್ನೂ ಕೈಯಲ್ಲೇ ಇತ್ತು.

"ಇಳಿಯಪ್ಪ ಕೆಳಕ್ಕೆ."

"ಯಾಕವ್ವ, ಏನಾಯ್ತು? ಬಿಸಿಲು ಈ ಕಡೆಗೇ ಚೆನ್ನಾಗಿ ಬೀಳ್ತದೆ."

"ಬಿಸಿಲಿನ ಮಾತು ಆಮೇಲೆ. ಈ ಹಟ್ಟೀಗೆ ಮಿಕಾಯಿ ಯಾರು ಅಂತ ಕೇಳಿದ್ಯಾ?"

ವಿಕ್ಲಿಫ್ ಬಾಯಿ ಮಾತಿನಲ್ಲೇ ಅರ್ಧ ಜಿಲ್ಲೆಗೆ ದೀಪ ಹಚ್ಚಿದವನು. ಆದರೆ ಅವನೂ ಲುವೋ ಕುಲದ ತಾಯಿಯ ಹೊಟ್ಟೆಯಲ್ಲೇ ಹುಟ್ಟಿದವನು. ಮಿಕಾಯಿ ಎಂಬ ಮಾತು ಕಿವಿಗೆ ಬಿದ್ದದ್ದೇ ಸುತ್ತಿಗೆಯನ್ನು ಜೇಬಿಗಿಳಿಸಿ, ಏಣಿ ಇಳಿದು, ತಲೆ ಕೆರೆದುಕೊಂಡು ನಿಂತ. ಸೌರಫಲಕ ಯಾವ ದಿಕ್ಕಿಗೆ ಮುಖ ಮಾಡಬೇಕೆಂದು ಕಂಪನಿಯವರು ಕಿಸುಮು ಪಟ್ಟಣದಲ್ಲಿ ಕೂರಿಸಿ ಕಲಿಸಿದ್ದರು. ಯಾವ ಹೆಂಡತಿಯ ಸೂರಿಗೆ ಎಂದು ಕಲಿಸಿರಲಿಲ್ಲ.

ಮಿಕಾಯಿ ಎಂದರೆ ಮೊದಲ ಹೆಂಡತಿ, ಈ ಹಟ್ಟಿಯಲ್ಲಿ ಪೆರೆಸ್. ಬೀಜ ಮೊದಲು ಬೀಳುವುದು ಅವಳ ಹೊಲದಲ್ಲಿ, ಮೊದಲ ತೆನೆ ಬೇಯುವುದು ಅವಳ ಒಲೆಯ ಮೇಲೆ. ಹುಲ್ಲು ಕಿತ್ತು ತಗಡು ಹಾಕಿಸುವಾಗಲೂ ಮೊದಲು ಅವಳ ಮನೆ, ಆಮೇಲೆ ಉಳಿದವರದು. ಈ ಸರತಿ ತಪ್ಪಿದರೆ ಚೀರಾ ಬಡಿಯುತ್ತದೆ. ಚೀರಾ ಬಡಿದವರು ಒಂದೇ ಸಲಕ್ಕೆ ಸಾಯುವುದಿಲ್ಲ, ಸವೆಯುತ್ತಾ ಹೋಗುತ್ತಾರೆ. ಅದರಲ್ಲೂ ಅದು ದೊಡ್ಡವರನ್ನು ಬಿಟ್ಟು ಮಕ್ಕಳನ್ನೇ ಹುಡುಕಿಕೊಂಡು ಬರುತ್ತದೆ. ಇಂಥ ಹೇಡಿ ಶಾಪ ಇನ್ನೊಂದಿಲ್ಲ.

"ಅಕ್ಕ, ಇದು ಬೀಜಾನೂ ಅಲ್ಲ ತೆನೇನೂ ಅಲ್ಲ. ಬಲ್ಬು ಕಣಕ್ಕ, ಬಲ್ಬು!" ಎಂದಳು ರೊಸೆಲಿದಾ. ಏಣಿ ಹಿಡಿದಿದ್ದ ಕೈ ಬಿಟ್ಟು ಅವಳು ಮುಂದೆ ಬಂದಳು. "ಕೋಳಿ ಕೂಗೋಕ್ಕೆ ಮುಂಚೆ ದಡಕ್ಕೆ ಹೋಗಿ, ಒಮೆನಾ ಮೀನು ಒಣಗಿಸಿ, ಸಂತೇಲಿ ಮಾರಿ ದುಡ್ಡು ಕಟ್ಟಿರೋಳು ನಾನು. ಅಕೆಯೊ ಈ ವರ್ಷ ಎಂಟನೇ ಕ್ಲಾಸಿನ ಪರೀಕ್ಷೆಗೆ ಕೂರ್ತಾಳೆ. ಬುಡ್ಡಿ ಹೊಗೆ ಕುಡಿದು ಕುಡಿದು ಆ ಮಗು ಕೆಮ್ಮೋದು ನಿಂಗೆ ಕೇಳಲ್ವಾ?"

"ಕೇಳ್ತದೆ ಕಣೇ. ನಿನಗಿಂತ ಮೊದಲು ನಂಗೆ ಕೇಳ್ತದೆ." ಪೆರೆಸ್ ದನಿ ಏರಿಸಲಿಲ್ಲ. "ನಂಗೆ ದೀಪ ಬ್ಯಾಡ ರೊಸೆ. ಕತ್ತಲು ನಂಗೆ ಅಭ್ಯಾಸ ಆಗೈತೆ. ನಂಗಿರೋ ಭಯ ಅಕೆಯೊಂದು."

ಇಷ್ಟು ಹೇಳಿ ಅವಳು ತನ್ನ ಮನೆಯ ಹಿಂಬದಿಗೆ ಒಮ್ಮೆ ಕಣ್ಣು ಹಾಯಿಸಿದಳು. ಅಲ್ಲಿ ಬಾಳೆಗಿಡಗಳ ನಡುವೆ, ಗೊತ್ತಿದ್ದವರಿಗೆ ಮಾತ್ರ ಕಾಣುವಂಥ ಒಂದು ಪುಟ್ಟ ದಿಬ್ಬವಿತ್ತು. ರೊಸೆಲಿದಾ ತಾನೇ ಏಣಿಯನ್ನು ಗೋಡೆಯಿಂದ ಎತ್ತಿ ಇಳಿಸಿದಳು.

ಅವಳು ಓಬಾರೆಯ ಎರಡನೇ ಹೆಂಡತಿಯಾಗಿ ಈ ಹಟ್ಟಿಗೆ ಬಂದ ಮೊದಲ ಮಳೆಗಾಲದ ಮಾತು. ಅತ್ತೆಯಿಂದ ಶಹಬ್ಬಾಸ್ ಅನ್ನಿಸಿಕೊಳ್ಳುವ ಹುಮ್ಮಸ್ಸಿನಲ್ಲಿ ಬೆಳಗಾಗುವ ಮೊದಲೇ ಎದ್ದು, ಸೆರಗಿನಲ್ಲಿ ಬೀಜ ಕಟ್ಟಿಕೊಂಡು ಹೋಗಿ, ತನ್ನ ಪಾಲಿನ ಹೊಲದ ಒಂದು ಮೂಲೆಗೆ ಮೆಕ್ಕೆಜೋಳ ಊರಿ ಬಂದಿದ್ದಳು. ಪೆರೆಸ್ ಇನ್ನೂ ಗುದ್ದಲಿಯನ್ನೇ ಮುಟ್ಟಿರಲಿಲ್ಲ. ಅತ್ತೆ ಎದೆ ಬಡಿದುಕೊಂಡು ಅತ್ತಿದ್ದಳು. ಆ ಪೈರು ತೆನೆಗಟ್ಟುವ ಮೊದಲೇ ಪೆರೆಸಳ ಮಗ, ಆಗಷ್ಟೇ ಹೆಜ್ಜೆ ಇಡಲು ಕಲಿತಿದ್ದ ಓಮೊಲೊ, ಸೊರಗಿ ಸೊರಗಿ ತೀರಿಕೊಂಡ. ಆಸ್ಪತ್ರೆಯ ನರ್ಸ್ ದಡಾರ ಎಂದಳು, ಊರು ಚೀರಾ ಎಂದಿತು. ಹಗಲು ಹೊತ್ತು ರೊಸೆಲಿದಾಳಿಗೆ ನರ್ಸ್ ಹೇಳಿದ್ದೇ ಸರಿ ಎನ್ನಿಸುತ್ತಿತ್ತು. ಬುಡ್ಡಿ ಆರಿಸಿ ಮಲಗಿದ ಮೇಲೆ ಊರು ಹೇಳಿದ್ದು ಸರಿ ಎನ್ನಿಸುತ್ತಿತ್ತು. ಪೆರೆಸ್ ಮಾತ್ರ ಅವಳಿಗೆ ಒಂದು ಕೆಟ್ಟ ಮಾತೂ ಆಡಲಿಲ್ಲ. ಆಡಿದ್ದರೆ ಇಬ್ಬರೂ ಜುಟ್ಟು ಹಿಡಿದು ಕಾದಾಡಿ ಅಲ್ಲಿಗೆ ಮುಗಿಸಬಹುದಿತ್ತು.

ಆಮೇಲೆ ಪೆರೆಸಳಿಗೆ ಮಕ್ಕಳಾಗಲಿಲ್ಲ. ಓಬಾರೆಯನ್ನು ಸರೋವರದ ಬಿರುಗಾಳಿ ನುಂಗಿತು, ಸಿಕ್ಕ ಹೆಣವನ್ನು ಪೆರೆಸಳ ಬಾಗಿಲ ಮುಂದೆ ಮಣ್ಣು ಮಾಡಿದರು. ಹಟ್ಟಿಯಲ್ಲಿ ಉಳಿದದ್ದು ಇಬ್ಬರು ಹೆಂಗಸರು ಮತ್ತು ರೊಸೆಲಿದಾಳ ಮಗಳು ಅಕೆಯೊ.

"ಹಾಕಪ್ಪ," ಎಂದಳು ರೊಸೆಲಿದಾ ವಿಕ್ಲಿಫನಿಗೆ. "ಮಿಕಾಯಿ ಮನೆ ಮೇಲೇ ಹಾಕು. ಅಲ್ಲಿಂದ ನಮ್ಮನೇಗೆ ಒಂದು ತಂತಿ ಎಳೆಯೋಕಾಗಲ್ವಾ?"

"ಅಷ್ಟುದ್ದ ಬರಲ್ಲಕ್ಕ. ಬೇರೆ ತಂತಿ ಸೇರಿಸಿದ್ರೆ ಬ್ಯಾಟರಿ ಪೆಟ್ಟಿಗೆ ತಾನಾಗೇ ಬೀಗ ಹಾಕ್ಕೊಂಡ್‌ಬಿಡ್ತದೆ."

"ಹಂಗಾದ್ರೆ ಇನ್ನೊಂದು ಕೊಡು."

"ಇದರ ಕಂತು ಪೂರ್ತಿ ತೀರ್ಲಿ, ನಾನೇ ಹೊತ್ಕೊಂಡು ಬಂದು ಕೊಡ್ತೀನಿ."

ಕಂತು ತೀರಲು ವರ್ಷದ ಮೇಲೆ ಬೇಕು. ಅಕೆಯೊಳ ಪರೀಕ್ಷೆ ಅದಕ್ಕಿಂತ ಮುಂಚೆಯೇ ಇತ್ತು. ದಿನಕ್ಕೆ ಐವತ್ತು ಶಿಲ್ಲಿಂಗ್ ಫೋನಿನಲ್ಲಿ ಕಳಿಸಿದರೆ ಪೆಟ್ಟಿಗೆ ಆ ದಿನದ ಬೆಳಕು ಕೊಡುತ್ತದೆ. ಕಳಿಸದಿದ್ದರೆ ಮುಚ್ಚಿಕೊಂಡು ಕೂರುತ್ತದೆ. ಗಂಡನ ಹಾಗೆ ನಾಳೆ ನಾಡಿದ್ದು ಎಂದು ಪುಸಲಾಯಿಸಲು ಅದಕ್ಕೆ ಕಿವಿಯಿಲ್ಲ. ಹೀಗೆ ಬೆಳಕು ಪೆರೆಸಳ ಮನೆಗೆ ಬಂತು, ಕಂತು ರೊಸೆಲಿದಾಳ ಪಾಲಿಗೆ ಬಂತು.

ಮೊದಮೊದಲು ಅಕೆಯೊ ಅವ್ವನ ಮನೆಯಲ್ಲಿ ಉಂಡು, ಪುಸ್ತಕ ಎತ್ತಿಕೊಂಡು ಅಂಗಳ ದಾಟುತ್ತಿದ್ದಳು. ಓದು ಮುಗಿಸಿ ತೂಕಡಿಸುತ್ತಾ ವಾಪಸಾಗುತ್ತಿದ್ದಳು. ಮಳೆ ಹಿಡಿದ ಒಂದು ಸಂಜೆ ಅಲ್ಲೇ ಉಂಡಳು, ಇನ್ನೊಂದು ಸಂಜೆ ಅಲ್ಲೇ ಮಲಗಿದಳು. ಬರಬರುತ್ತಾ ಅವಳ ಚಾಪೆ ಅಲ್ಲಿಗೆ ಹೋಯಿತು. ಸ್ಕೂಲಿನ ಬಟ್ಟೆ ಪೆರೆಸಳ ಹಗ್ಗದ ಮೇಲೆ ಒಣಗತೊಡಗಿತು. ಇದನ್ನು ಯಾರೂ ಬೇಕೆಂದು ಮಾಡಲಿಲ್ಲ. ಬೆಳಕಿದ್ದ ಕಡೆಗೆ ಮಗು ಹೋಯಿತು, ಅಷ್ಟೇ. ಅವಳ ಕೆಮ್ಮು ನಿಂತಿತು. ಅದನ್ನು ನೋಡಿ ರೊಸೆಲಿದಾಳಿಗೆ ಸಂತೋಷವೇ ಆಯಿತು, ನಿಜವಾದ ಸಂತೋಷ. ಆದರೂ ಅವಳು ಒಬ್ಬಳಿಗಾಗುವಷ್ಟೇ ಹಿಟ್ಟು ಅಳೆಯುವುದನ್ನು ರೂಢಿ ಮಾಡಿಕೊಳ್ಳಬೇಕಾಯಿತು, ಮತ್ತು ಆ ರೂಢಿ ಬೇಗ ಬರಲಿಲ್ಲ.

ಮೀನು ಒಣಹಾಕುವ ದಡದಲ್ಲಿ ಹೆಂಗಸರ ಬಾಯಿಗೆ ಬೀಗವಿಲ್ಲ.

"ಏನೇ ರೊಸೆಲಿದಾ, ಸತ್ತ ಗಂಡನ ಗೋರಿಗೂ ದೀಪ ಹಾಕ್ಸಿದೀಯಂತೆ! ಬದುಕಿದ್ದಾಗ ಒಂದು ಬೀಡಿ ಹಚ್ಚಿಕೊಟ್ಟೋಳಲ್ಲ ನೀನು," ಎಂದಳು ಜೊತೆಯ ಬೆಂಟಾ.

"ಹೂಂ ಮತ್ತೆ. ಕತ್ತಲಲ್ಲಿ ಎದ್ದು ದಾರಿ ತಪ್ಪಿ ನಿಮ್ಮನೆ ಕಡೆ ಬಂದುಬಿಟ್ರೆ ಅಂತ."

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ರೊಸೆಲಿದಾಳೂ ನಕ್ಕಳು. ಬೆಂಟಾ ಮೀನು ಹರಡುತ್ತಲೇ ಮೆಲ್ಲಗೆ ಕೇಳಿದಳು: "ಮಗಳು ಮನೇಗೆ ಬರ್ತಾಳೇನೇ?"

"ಪರೀಕ್ಷೆ ಮುಗೀಲಿ, ಬರ್ತಾಳೆ."

"ಹೂಂ," ಎಂದಳು ಬೆಂಟಾ. ಆ ಒಂದು 'ಹೂಂ' ರೊಸೆಲಿದಾಳ ಜೊತೆಯಲ್ಲೇ ಮನೆಯವರೆಗೂ ನಡೆದು ಬಂತು.

ಆ ಸಂಜೆ ಅವಳು ತಾನು ದುಡ್ಡು ಕೊಡುತ್ತಿರುವ ಬೆಳಕನ್ನು ತಾನೂ ಒಮ್ಮೆ ನೋಡೋಣವೆಂದು ಅಂಗಳ ದಾಟಿದಳು. ಬಲ್ಬಿನ ಕೆಳಗೆ ಪೆರೆಸ್ ಸ್ಲೇಟಿನ ಮೇಲೆ ಬಾಗಿ ತನ್ನ ಹೆಸರು ಬರೆಯುತ್ತಿದ್ದಳು. ಅಕೆಯೊ ಅವಳ ಬೆರಳು ಹಿಡಿದು ತಿದ್ದಿಸುತ್ತಿದ್ದಳು. ಇಬ್ಬರೂ ಏನಕ್ಕೋ ನಗುತ್ತಿದ್ದರು. ರೊಸೆಲಿದಾಳನ್ನು ಕಂಡದ್ದೇ ಪೆರೆಸ್ ಗಡಬಡಿಸಿ ಎದ್ದು, ಸೆರಗಿನಿಂದ ಮಣೆ ಒರೆಸಿ, "ಬಾ, ಬಾ, ಕೂತ್ಕೊ. ಚಹಾ ಇಡ್ಲಾ?" ಎಂದಳು. ದೂರದ ಊರಿಂದ ಬಂದ ನೆಂಟರಿಗೆ ಮಾಡುವ ಉಪಚಾರ ಅದು. ಅಕೆಯೊ ಪುಸ್ತಕದಿಂದ ತಲೆ ಎತ್ತದೆ ಹೇಳಿದಳು:

"ಅವ್ವ, ಸ್ವಲ್ಪ ಆಕಡೆ ಸರಿ. ಬೆಳಕಿಗೆ ಅಡ್ಡ ನಿಂತಿದೀಯ."

ರೊಸೆಲಿದಾ ಸರಿದಳು. ಸರಿದು ಬಾಗಿಲವರೆಗೆ ಬಂದಳು, ಬಾಗಿಲಿಂದ ಅಂಗಳಕ್ಕೆ. ಚಹಾ ಬೇಡ, ತಲೆನೋವು ಎಂದಳು. ತನ್ನ ಮನೆಯ ಹೊಗೆಯಲ್ಲಿ ಕೂತು ಅವಳು ಮೊದಲ ಸಲ ಆ ಮಾತನ್ನು ಬಾಯಿಬಿಟ್ಟು ತನಗೆ ತಾನೇ ಹೇಳಿಕೊಂಡಳು. ಒಂದು ಮಗು ಹೋಗುವಂತೆ ಮಾಡಿದೆ, ಈಗ ಒಂದು ಮಗು ಕೊಡುತ್ತಿದ್ದೇನೆ, ಅದೂ ನನ್ನದೇ ದುಡ್ಡು ಕೊಟ್ಟು. ಪೆರೆಸ್ ಕಸಿದುಕೊಂಡಿದ್ದರೆ ಕಿತ್ತುಕೊಂಡು ಬರಬಹುದಿತ್ತು. ಅವಳು ಮಣೆ ಒರೆಸಿ ಕೂರಿಸುತ್ತಾಳೆ. ಅಂಥವಳ ಮೇಲೆ ಹೇಗೆ ಕೈ ಎತ್ತುವುದು?

ತಿಂಗಳು ಬೆಳಕಿನ ದಿನಗಳು ಬಂದವು. ಒಮೆನಾ ಸಣ್ಣ ಮೀನು. ಕತ್ತಲ ರಾತ್ರಿಗಳಲ್ಲಿ ದೋಣಿಯ ದೀಪಕ್ಕೆ ಮರುಳಾಗಿ ಬಲೆಗೆ ಬರುತ್ತದೆ. ಚಂದ್ರನಿದ್ದರೆ ದೋಣಿಯ ದೀಪವನ್ನು ಕ್ಯಾರೆ ಅನ್ನುವುದಿಲ್ಲ. ಹುಣ್ಣಿಮೆಯ ಆಸುಪಾಸಿನಲ್ಲಿ ಒಮೆನಾ ದೋಣಿಗಳು ದಡದಲ್ಲೇ ಮಲಗಿರುತ್ತವೆ, ಮಾರುವವರ ಕೈ ಖಾಲಿ. ಈ ದಿನಗಳಿಗೆಂದೇ ರೊಸೆಲಿದಾ ಪ್ರತಿ ತಿಂಗಳೂ ಫೋನಿನಲ್ಲಿ ಕಂತಿನ ದುಡ್ಡನ್ನು ಎತ್ತಿಟ್ಟಿರುತ್ತಿದ್ದಳು. ಈ ಸಲವೂ ಎತ್ತಿಟ್ಟಿದ್ದಳು. ಆದರೆ ಕಳಿಸಲಿಲ್ಲ.

"ಪೆಟ್ಟಿಗೆ ಕೆಂಪು ತೋರಿಸ್ತಾ ಐತಲ್ಲ ರೊಸೆ," ಎಂದಳು ಪೆರೆಸ್ ಬೆಳಿಗ್ಗೆ.

"ಹುಣ್ಣಿಮೆ ಕಣಕ್ಕ. ಮೀನಿಲ್ಲ."

"ಅಯ್ಯೋ, ಹೌದಲ್ಲ. ನನ್ನ ಕೋಳಿ ಮಾರ್ಲಾ?"

"ಏನೂ ಬ್ಯಾಡ. ನಾಲ್ಕು ದಿನ ತಾನೇ. ಅಕೆಯೊ ನಮ್ಮನೇಲೇ ಓದ್ಕೊಳ್ಳಿ, ಬುಡ್ಡಿ ಐತೆ."

ಸುಳ್ಳು ಇಷ್ಟು ಸಲೀಸಾಗಿ ಬಾಯಿಂದ ಜಾರಿದ್ದಕ್ಕೆ ಅವಳಿಗೇ ಅಚ್ಚರಿಯಾಯಿತು. ಅದೇ ಎತ್ತಿಟ್ಟ ದುಡ್ಡಿನಿಂದ ಒಂದಿಷ್ಟು ತೆಗೆದು ದಡದಲ್ಲಿ, ಹಗಲು ಬಲೆಗೆ ಬಿದ್ದ ಕೊಬ್ಬಿದ ತಿಲಾಪಿಯಾ ಮೀನು ಕೊಂಡಳು. ಟೊಮೆಟೊ, ಈರುಳ್ಳಿ ಹಾಕಿ ಅಕೆಯೊ ಚಿಕ್ಕವಳಿದ್ದಾಗ ಬೆರಳು ನೆಕ್ಕುತ್ತಿದ್ದ ಹಾಗೆ ಸಾರು ಮಾಡಿದಳು. ಇಬ್ಬರಿಗಾಗುವಷ್ಟು ಮುದ್ದೆ ತಿರುವಿದಳು. ಎರಡು ತಟ್ಟೆ ತೊಳೆದಿಟ್ಟಳು. ಬುಡ್ಡಿಯ ಬತ್ತಿ ಕತ್ತರಿಸಿ, ಗಾಳಿ ಬಾರದ ಮೂಲೆಯಲ್ಲಿ ಸ್ಟೂಲಿನ ಮೇಲಿಟ್ಟು, ಅದರ ಪಕ್ಕಕ್ಕೆ ಮಣೆ ಎಳೆದಳು.

ಹೊತ್ತು ಮುಳುಗಿತು. ಪೆರೆಸಳ ಮನೆಯ ಬಲ್ಬು ಹತ್ತಲಿಲ್ಲ. ಬಾಗಿಲಲ್ಲಿ ನಿಂತ ರೊಸೆಲಿದಾಳಿಗೆ ಅಂಗಳದಾಚೆ ಓಡಿ ಬರುವ ಹೆಜ್ಜೆಗಳು ಕೇಳಿಸಿದವು. ಒಳಗೆ ಹೋಗಿ ಮೀನಿನ ಪಾತ್ರೆಯ ಮುಚ್ಚಳ ತೆಗೆದಳು, ವಾಸನೆ ಮೊದಲು ಮೂಗಿಗೆ ಬಡಿಯಲಿ ಎಂದು.

"ಅವ್ವ," ಅಕೆಯೊ ಏದುಸಿರು ಬಿಡುತ್ತಾ ಬಾಗಿಲಲ್ಲೇ ನಿಂತಳು. "ನಿನ್ನ ಬುಡ್ಡಿ ಕೊಡು. ದೊಡ್ಡವ್ವನ ಮನೇಲಿ ಸೀಮೆಎಣ್ಣೆ ತಂದು ಎಷ್ಟೋ ತಿಂಗಳಾಯ್ತು."

"ಇಲ್ಲೇ ಕೂತು ಓದವ್ವ. ನೋಡು, ಮೀನು ಮಾಡಿದೀನಿ."

"ದೊಡ್ಡವ್ವ ಒಬ್ಳೇ ಕತ್ತಲಲ್ಲಿ ಕೂತವ್ಳೆ. ಕಣ್ಣು ಬೇರೆ ಸರಿಯಾಗಿ ಕಾಣಲ್ಲ."

"ಮತ್ತೆ ನಾನು?"

ಅಕೆಯೊ ಬುಡ್ಡಿಯನ್ನು ಆಗಲೇ ಕೈಗೆತ್ತಿಕೊಂಡಿದ್ದಳು. ಕೆಟ್ಟ ಹುಡುಗಿಯಲ್ಲ ಅವಳು. ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳದೆ, ಗೊತ್ತಿದ್ದ ಸಂಗತಿಯನ್ನು ಹೇಳುವ ಹಾಗೆ ಹೇಳಿದಳು: "ನಿಂಗೆ ಕತ್ತಲು ಅಭ್ಯಾಸ ಐತಲ್ಲವ್ವ."

ಉರಿ ಆರದಿರಲೆಂದು ಅಂಗೈ ಅಡ್ಡ ಹಿಡಿದು ಅವಳು ಮೆಲ್ಲಗೆ ಅಂಗಳ ದಾಟಿದಳು. ಇತ್ತ ಮನೆ ಕತ್ತಲಾಯಿತು. ಚಂದ್ರ ಮೋಡದ ಮರೆಯಲ್ಲಿದ್ದ. ಒಲೆಯಲ್ಲಿ ಮಾತ್ರ ಒಂದಿಷ್ಟು ಕೆಂಡ ಉಳಿದಿತ್ತು.

ರೊಸೆಲಿದಾ ಅಳಲಿಲ್ಲ. ಗೋಡೆಗೆ ಒರಗಿ ಕೂತು ಆಚೆ ನೋಡಿದಳು. ಪೆರೆಸಳ ಬಾಗಿಲಲ್ಲಿ ಬುಡ್ಡಿಯ ಕೆಂಪು ಉರಿ ಅಲ್ಲಾಡುತ್ತಿತ್ತು. ಅದರ ಎರಡು ಬದಿಗೆ ಎರಡು ತಲೆಗಳು ಬಾಗಿದ್ದವು. ನಾಳೆ ಬಂದಾಳು, ನಾಡಿದ್ದು ಬಂದಾಳು, ಪೆಟ್ಟಿಗೆ ಮುಚ್ಚಿಕೊಂಡೇ ಇರಲಿ, ಯಾರು ಸೋಲುತ್ತಾರೋ ನೋಡೇ ಬಿಡೋಣ ಎಂದು ಹಲ್ಲು ಕಚ್ಚಿದಳು.

ಆಗ ಅಕೆಯೊ ಕೆಮ್ಮಿದಳು.

ಒಂದು ಸಲ. ಸ್ವಲ್ಪ ಹೊತ್ತು ಬಿಟ್ಟು ಮತ್ತೊಂದು ಸಲ. ಆಮೇಲೆ ಹಳೆಯ ಕೆಮ್ಮು, ಎದೆಯ ತಳದಿಂದ ಎಳೆದು ಬರುವಂಥದ್ದು, ತಿಂಗಳುಗಟ್ಟಲೆ ಮರೆತೇ ಹೋಗಿದ್ದದ್ದು. "ನೀರು ಕುಡಿ ಮಗ, ನೀರು ಕುಡಿ," ಎಂದು ಪೆರೆಸ್ ಬೆನ್ನು ನೀವುವುದು ಇಲ್ಲಿಗೆ ಕೇಳಿಸಿತು.

ರೊಸೆಲಿದಾ ಕತ್ತಲಲ್ಲೇ ಫೋನಿಗೆ ತಡಕಾಡಿದಳು. ಅವಸರಕ್ಕೆ ಒಂದು ಸಲ ಅಂಕಿ ತಪ್ಪಿತು. ಎರಡನೇ ಸಲ ಹಣ ಹೋಯಿತು. ಇದ್ದಷ್ಟನ್ನೂ ಕಳಿಸಿದಳು, ನಾಳೆ ಮತ್ತೆ ಮನಸ್ಸು ಕೆಟ್ಟರೂ ಕೈಯಲ್ಲಿ ಏನೂ ಉಳಿಯದ ಹಾಗೆ.

ತುಸು ಹೊತ್ತಿನಲ್ಲಿ ಆಚೆ ಬಲ್ಬು ಹತ್ತಿತು. ಬಾಗಿಲು, ಅಂಗಳದ ಅರ್ಧ, ಓಬಾರೆಯ ಗೋರಿ ಎಲ್ಲವೂ ಬೆಳ್ಳಗಾದವು. ಬೆಳಕು ಎಂದಿನಂತೆ ರೊಸೆಲಿದಾಳ ಹೊಸಿಲಿಗೆ ನಾಲ್ಕು ಹೆಜ್ಜೆ ಆಚೆಗೇ ಬಂದು ನಿಂತಿತು. "ಅವ್ವಾ! ದೀಪ ಬಂತು!" ಎಂದು ಅಕೆಯೊ ಅಲ್ಲಿಂದಲೇ ಕೂಗಿದಳು.

"ಹೂಂ ಕಣವ್ವ, ಓದ್ಕೊ," ಎಂದು ರೊಸೆಲಿದಾ ಇಲ್ಲಿಂದ ಕೂಗಿದಳು.

ಒಂದು ತಟ್ಟೆಯನ್ನು ಗೂಡಿಗೆ ವಾಪಸಿಟ್ಟಳು. ಇನ್ನೊಂದರಲ್ಲಿ ಮುದ್ದೆ ಮುರಿದು ಹಾಕಿಕೊಂಡು, ಮುಳ್ಳನ್ನು ಬೆರಳಿನಿಂದಲೇ ಹುಡುಕಿ ತೆಗೆಯುತ್ತಾ ಉಂಡಳು. ಬುಡ್ಡಿಯನ್ನು ಹಿಂದಕ್ಕೆ ತಂದುಕೊಡಲು ಅಲ್ಲಿ ಯಾರಿಗೂ ನೆನಪಾಗಲಿಲ್ಲ.