ಬೆನ್ನಿಗೆ ಊರಿದ ಮೊಣಕಾಲು

ಹೆಣಕ್ಕೆ ಜಾಗ ಮಾಡಲೆಂದು ಚಾಪೆಗಳನ್ನು ಸುತ್ತಿ ಗೋಡೆಗೆ ಒರಗಿಸುತ್ತಿದ್ದ ಟೈಲರಮ್ಮ ಮೂಲೆಯ ಚಾಪೆಗೆ ಕೈ ಹಾಕಿದಾಗ ಟೀಚರ ತಂಗಿ ತಡೆದಳು.

"ಅದೊಂದು ಇರ್ಲಿ ಬಿಡಿ. ಅಕ್ಕ ತೆಗೆಯೋಕೆ ಬಿಡ್ತಿರ್ಲಿಲ್ಲ."

ಇಪ್ಪತ್ತು ವರ್ಷ ಯೋಗ ಕಲಿಸಿದ ಹಾಲ್‌ನ ನಡುವೆಯೇ ಟೀಚರನ್ನು ಮಲಗಿಸಿದರು. ಒಂದು ಗೋಡೆಯುದ್ದಕ್ಕೂ ಕನ್ನಡಿ. ಬಂದ ಶಿಷ್ಯರೆಲ್ಲ ಅಭ್ಯಾಸಬಲದಿಂದ ತಂತಮ್ಮ ಹಳೆಯ ಜಾಗಗಳಲ್ಲೇ ಕೂತರು. ಬೆನ್ನು ಸಡಿಲಬಿಡಲು ಯಾರಿಗೂ ಧೈರ್ಯವಾಗಲಿಲ್ಲ. ಟೀಚರ್ ಎದ್ದು ಬಂದು ತಿದ್ದಿಬಿಟ್ಟರೆ?

ತಂಗಿ ಟೈಲರಮ್ಮನ ಕಿವಿಯ ಬಳಿ ಬಾಗಿ ಹೇಳಿದಳು. ನಾಲ್ಕು ವರ್ಷದಿಂದ ಅಕ್ಕ ಬೆಳಗಿನ ಜಾವ ಎದ್ದು ಆ ಖಾಲಿ ಚಾಪೆಯ ಪಕ್ಕ ಕೂರುತ್ತಿದ್ದಳಂತೆ.

"ನೋವಾಯ್ತಾ, ನೋವಾಯ್ತಾ ಅಂತ ಕೇಳ್ತಿದ್ಲು. ಆಮೇಲೆ ಸುಮ್ನೆ ಕಿವಿಗೊಟ್ಟು ಕೂರೋಳು. ಇವತ್ತು ಉಸಿರು ನಿಂತಿದ್ದೂ ಅಲ್ಲೇ."

ಚಾಪೆ ಯಾರದೆಂದು ತಂಗಿಗೆ ಗೊತ್ತಿರಲಿಲ್ಲ. ಟೈಲರಮ್ಮನಿಗೆ ಗೊತ್ತಿತ್ತು.

*

ಅದು ಬಸ್ ಕಂಡಕ್ಟರನ ಚಾಪೆ. ನಾಲ್ಕು ವರ್ಷದ ಹಿಂದೆ, ದಿನವಿಡೀ ನಿಂತು ಬೆನ್ನು ಹಿಡಿದುಕೊಂಡಿದೆಯೆಂದು ಅವನು ಕ್ಲಾಸಿಗೆ ಸೇರಿದ್ದ. ಕಾಲು ಚಾಚಿ ಮುಂದಕ್ಕೆ ಬಾಗುವಾಗ, ಸಾಕು, ಆಗುತ್ತಿಲ್ಲ ಎಂದ. ಆಗಲ್ಲ ಎಂಬ ಮಾತು ಕಿವಿಗೆ ಬಿದ್ದರೆ ಟೀಚರಿಗೆ ಮೈಯೆಲ್ಲ ಉರಿ.

"ಮೈ ಸುಳ್ಳು ಹೇಳುತ್ತೆ. ಅದರ ಮಾತು ಕೇಳ್ಬೇಡಿ," ಎಂದವರೇ ಅವನ ಬೆನ್ನಿಗೆ ಮೊಣಕಾಲು ಊರಿ ಒತ್ತಿದರು. ಒಣಕಡ್ಡಿ ಮುರಿದಂಥ ಸದ್ದಾಯಿತು.

ಪಕ್ಕದಲ್ಲೇ ಇದ್ದ ಟೈಲರಮ್ಮ ಕಣ್ಣಾರೆ ಕಂಡಳು. ಅವನ ಮನೆಯವರು ವಿಚಾರಿಸಲು ಬಂದಾಗ ಟೀಚರ್ ಅವಳತ್ತ ತಿರುಗಿದರು. ಹೊಲಿಗೆ ಯಂತ್ರದ ಮುಂದೆ ಕೂತೂ ಕೂತೂ ಗೂನಾಗಿದ್ದವಳನ್ನು ನೆಟ್ಟಗೆ ನಿಲ್ಲಿಸಿದವರು ಅವರು. ಅನ್ನದ ಋಣದಂತೆ ಬೆನ್ನಿನ ಋಣವೂ ಬಾಯಿ ಕಟ್ಟುತ್ತದೆ. ಅವನೇ ಅವಸರ ಮಾಡಿಕೊಂಡ ಎಂದುಬಿಟ್ಟಳು.

*

ಮಧ್ಯಾಹ್ನ, ಹೆಣ ಎತ್ತುವ ಹೊತ್ತಿಗೆ, ಕಂಡಕ್ಟರ್ ಕೋಲೂರಿಕೊಂಡು ಬಂದ. ನೇರ ಮೂಲೆಯ ಚಾಪೆಯ ಬಳಿ ಹೋಗಿ ನಿಂತು ಬಹಳ ಹೊತ್ತು ನೋಡಿದ.

"ಬೆಳಗಿನ ಜಾವ ಎಚ್ಚರ ಆಗ್ಬಿಡುತ್ತೆ ಅಕ್ಕ, ಯಾರೋ ಪಕ್ಕದಲ್ಲಿ ಕೂತು ನೋವಾಯ್ತಾ ಅಂತ ಕೇಳಿದ ಹಾಗೆ," ಎಂದ ಟೈಲರಮ್ಮನಿಗೆ. "ನಾಲ್ಕು ವರ್ಷ ಬಾಯಿ ಬಿಟ್ಟಿರ್ಲಿಲ್ಲ. ಇವತ್ತು ಹೌದು ಅಂದೆ."

ತಂಗಿ ಸೆರಗು ಬಾಯಿಗೊತ್ತಿಕೊಂಡಳು. ಕಂಡಕ್ಟರ್ ಟೈಲರಮ್ಮನ ಹತ್ತಿರ ಬಂದ.

"ನೀವು ಅವತ್ತು ನೋಡಿದ್ರಿ ಅಲ್ವಾ?"

ಟೀಚರ ಮುಖ ಶಾಂತವಾಗಿತ್ತು. ಅದನ್ನು ನೋಡುತ್ತ ಮಾತಾಡಲು ಅವಳಿಗೆ ಆಗಲಿಲ್ಲ. ಕನ್ನಡಿಯತ್ತ ತಿರುಗಿದಳು.

"ನೋಡಿದ್ದೆ ತಮ್ಮಾ. ನೀನು ಸಾಕು ಅಂದೆ. ಅವರು ಮೊಣಕಾಲು ಊರಿದ್ರು. ನಾನು ಸುಳ್ಳು ಹೇಳ್ದೆ."

ಕನ್ನಡಿಯಲ್ಲಿ ಹಿಂದೆ ಸಾಲಾಗಿ ಕೂತ ಶಿಷ್ಯರು ಕಂಡರು. ಬ್ಯಾಂಕಿನಾಕೆಯ ಕೈ ಮೆಲ್ಲಗೆ ಅವಳ ಕತ್ತಿಗೆ ಹೋಯಿತು. ನಿವೃತ್ತ ಪೋಸ್ಟ್‌ಮ್ಯಾನ್ ಎಡಹೆಗಲು ಹಿಡಿದುಕೊಂಡ. ಆಮೇಲೆ ಒಬ್ಬರ ಸೊಂಟ, ಇನ್ನೊಬ್ಬರ ಮಂಡಿ. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ.