ಮ್ಯೂಲರ್ ಸಾಹೇಬರ ಎರಡು ಚುಕ್ಕಿ

ಏಕಾಂತಪ್ಪನ ಹಠ ಭದ್ರಾವತಿಯ ಜನ್ನಾಪುರಕ್ಕೆಲ್ಲ ಗೊತ್ತಿದ್ದದ್ದೇ. ಈ ಸಲ ಅದರ ಬಿಸಿ ತಟ್ಟಿದ್ದು ಶಿವಮೊಗ್ಗದ ಕೋಟೆ ರಸ್ತೆಯಲ್ಲಿ ಹಳೆ ಕ್ಯಾಸೆಟ್ಟಿನ ಹಾಡುಗಳನ್ನು ಪೆನ್‌ಡ್ರೈವ್‌ಗೆ ಹಾಕಿಕೊಡುವ ವೀರೇಂದ್ರನಿಗೆ.

ಕ್ಯಾಸೆಟ್ಟಿನಲ್ಲಿದ್ದದ್ದು ಮ್ಯೂಲರ್ ಸಾಹೇಬರ ಹಾಡು. ಒಂದು ಕಾಲಕ್ಕೆ ಏಕಾಂತಪ್ಪ ಕೆಲಸ ಮಾಡುತ್ತಿದ್ದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಬಂದಿದ್ದ ಆ ಜರ್ಮನ್ ಎಂಜಿನಿಯರು ಕುಲುಮೆಯ ಮುಂದೆ ನಿಂತು ಗಂಟಲು ಬಿಚ್ಚಿ ಹಾಡುತ್ತಿದ್ದರು. ಹೇಗೆ ಹಾಡುತ್ತಾರೆಂದು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಅಂದು ಏಕಾಂತಪ್ಪನ ಜೊತೆಗೆ ನಿಂತು ಕೇಳುತ್ತಿದ್ದ ಗೆಳೆಯ ಕರಿಯಣ್ಣ ಈಗ ಲಕ್ವ ಹೊಡೆದು ಮಲಗಿದ್ದಾನೆ, ಮಾತು ನಿಂತಿದೆ. ಈ ಹಾಡು ಕೇಳಿ ಒಂದು ಮಾತಾದರೂ ಆಡಿಯಾನು ಎಂಬುದೇ ಏಕಾಂತಪ್ಪನ ಆಸೆ.

ತೊಡಕು ಎದ್ದದ್ದು ಹೆಸರಿನಲ್ಲಿ. ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಸಾಹೇಬರ ಹೆಸರಿನ 'ಯು' ಅಕ್ಷರದ ನೆತ್ತಿಯ ಮೇಲೆ ಎರಡು ಚುಕ್ಕಿ. ಫೈಲಿನ ಹೆಸರಲ್ಲಿ ಚುಕ್ಕಿ ಕಂಡರೆ ಸಾಕು, ಕರಿಯಣ್ಣನ ಮನೆಯ ಹಳೆ ಪ್ಲೇಯರ್ ಆ ಹಾಡನ್ನೇ ಹಾರಿಸಿ ಮುಂದೆ ಹೋಗುತ್ತಿತ್ತು.

"ಚುಕ್ಕಿ ತೆಗೆದು ಪಕ್ಕದಲ್ಲೊಂದು 'ಇ' ಹಾಕ್ತೀನಿ ಯಜಮಾನ್ರೆ. ಜರ್ಮನಿಯವರೂ ಹಂಗೇ ಮಾಡ್ತಾರೆ," ಎಂದ ವೀರೇಂದ್ರ.

"ಇನ್ನೊಬ್ಬರ ಹೆಸರು ತಿದ್ದೋದು ಹುಡುಗಾಟನೇನಪ್ಪ? ದೇವರನ್ನ ಕೇಳ್ಕೊಂಡು ಬರ್ತೀನಿ," ಎಂದ ಏಕಾಂತಪ್ಪ.

ಕೇಳಿಯೇ ಬಿಟ್ಟ. ಊರಿನ ವೀರಭದ್ರನ ಗುಡಿಯಲ್ಲಿ ಮದುವೆಗೂ ಬೋರ್‌ವೆಲ್ಲಿಗೂ ಹೂಪ್ರಸಾದ ಕೇಳುವುದು ರೂಢಿ. ದೇವರ ಮೈಗೆ ಅಂಟಿಸಿದ ಹೂವು ಬಲಕ್ಕೆ ಬಿದ್ದರೆ ಅಪ್ಪಣೆ, ಎಡಕ್ಕೆ ಬಿದ್ದರೆ ಬೇಡ. "ಜರ್ಮನಿಯ ಮ್ಯೂಲರ್ ಅವರ ಚುಕ್ಕಿ ತೆಗೆಯಬಹುದೇ ತಂದೆ?" ಎಂದು ಪೂಜಾರರು ನಗದೆ ಅರಿಕೆ ಮಾಡಿದರು. ವೀರಭದ್ರನಿಗೂ ಇಂಥದ್ದು ಹೊಸದಿರಬೇಕು, ಬಹಳ ಹೊತ್ತು ಯೋಚಿಸಿದ. ಕೊನೆಗೆ ಎಡಗಡೆಯಿಂದ ಎರಡು ಹೂವು ಜೋಡಿಯಾಗಿ ಉದುರಿದವು.

"ಎರಡೂ ಇರಲಿ ಅಂದ," ಎಂದು ಏಕಾಂತಪ್ಪ ಕೈಮುಗಿದ.

ಸುದ್ದಿ ಕೇಳಿ ವೀರೇಂದ್ರ ತಲೆ ಮೇಲೆ ಕೈಹೊತ್ತು ಕೂತ. ದೇವರನ್ನು ಮೀರುವಂತಿಲ್ಲ, ಪ್ಲೇಯರ್ ಕೇಳುವಂತಿಲ್ಲ. ಆಮೇಲೆ ಫೈಲಿನ ಹೆಸರಿಗೆ ಬರೀ ಒಂದು ಅಂಕಿ ಕೊಟ್ಟ, ಫೈಲಿನೊಳಗೆ ಹಾಡಿನ ವಿವರ ಬರೆಯುವ ಟ್ಯಾಗಿನಲ್ಲಿ ಚುಕ್ಕಿ ಸಮೇತ ಹೆಸರು ಕೂರಿಸಿದ.

"ಹೊರಗೆ ಕಾಣಲ್ಲ, ಒಳಗಿದೆ. ನಿಮ್ಮ ಅಂಗಿಯೊಳಗಿನ ಲಿಂಗದ ಹಾಗೆ."

ಏಕಾಂತಪ್ಪ ಎದೆ ಮುಟ್ಟಿಕೊಂಡು ಒಪ್ಪಿದ.

ಕರಿಯಣ್ಣನ ಹೆಂಡತಿ ಪುಷ್ಪಮ್ಮ ಪೆನ್‌ಡ್ರೈವ್ ಸಿಕ್ಕಿಸಿದಳು. ಮ್ಯೂಲರ್ ಸಾಹೇಬರು ಕೋಣೆ ತುಂಬ ಹಾಡಿದರು. ಹಾಡು ಮುಗಿಯುವ ಹೊತ್ತಿಗೆ ಕರಿಯಣ್ಣನ ತುಟಿ ಅಲುಗಿತು. ಪುಷ್ಪಮ್ಮ, ಏಕಾಂತಪ್ಪ ಇಬ್ಬರೂ ಕಿವಿಗೊಟ್ಟು ಬಾಗಿದರು.

"ಎಂಥಾ... ಕೆಟ್ಟ... ಗಂಟಲು ಮಾರಾಯ," ಎಂದ ಕರಿಯಣ್ಣ.

ಪುಷ್ಪಮ್ಮ ಸೆರಗು ಬಾಯಿಗೊತ್ತಿ ಅತ್ತಳು. ಏಕಾಂತಪ್ಪನ ಕಣ್ಣಲ್ಲೂ ದಳದಳ ನೀರು.

"ಹಂಗನ್ಬೇಡ್ವೋ," ಎಂದು ಗೆಳೆಯನ ಕೈ ಹಿಡಿದು ಗದರಿದ, "ವೀರಭದ್ರ ಒಪ್ಪಿರೋ ಮನುಷ್ಯ."