ಉಡಚಿಯ ಮೈಮೇಲೆ ಬಂದ ಅಮ್ಮ

ಓಬವ್ವ ಲಾಂದ್ರದ ಗಾಜಿನೊಳಗೆ ಬಟ್ಟೆ ತೂರಿಸಿ ಮಸಿ ಒರೆಸುತ್ತಿದ್ದಳು. ಅಪ್ಪ ಗಾದ್ರಪ್ಪ ಪಡಸಾಲೆಯ ಕಂಬಕ್ಕೆ ಒರಗಿದ್ದ. ಅವ್ವ ಕಾಟಮ್ಮ ಮುಂಗೈಗೆ ಅರಿಶಿನ ಹಚ್ಚಿಕೊಳ್ಳುತ್ತಿದ್ದಳು. ನೀರಿಗೆ ಹೋಗು ಅಂದಿದ್ದಕ್ಕೆ ಕಿರಿಮಗಳು ಉಡಚಿ ಅಲ್ಲಿ ಕಚ್ಚಿದ್ದಳು.

ಉಡಚಿಗೆ ಹದಿನಾಲ್ಕು ವರ್ಷ. ಬೇಕಾದ್ದು ಸಿಗದಿದ್ದರೆ ಮೊದಲು ಕಚ್ಚುವಳು. ಅದಕ್ಕೂ ಬಗ್ಗದಿದ್ದರೆ ಉಣ್ಣದೆ ಗೋಡೆ ಕಡೆ ತಿರುಗಿ ಮಲಗುವಳು. ಆ ಗೋಡೆ ಕಡೆಯಿಂದ ಶೇಂಗಾ ಅಗಿಯುವ ಸದ್ದು ಬರುವುದು ಓಬವ್ವನಿಗೆ ಮಾತ್ರ ಕೇಳುತ್ತಿತ್ತು. ಹೊಲದಲ್ಲಿ ಎತ್ತುಗಳನ್ನು ಗದರಿಸುವ ಗಾದ್ರಪ್ಪ ಈ ಮಗಳ ಮುಂದೆ ಬರೀ ಬೆಣ್ಣೆ.

ಸೋಮವಾರದಿಂದ ಓಬವ್ವ ಜಗಳೂರಿಗೆ ಆರು ತಿಂಗಳ ಹೊಲಿಗೆ ತರಬೇತಿಗೆ ಹೋಗಬೇಕಿತ್ತು. ಐದನೇ ಕ್ಲಾಸಿಗೇ ಶಾಲೆ ಬಿಟ್ಟವಳು, ಪಟ್ಟಿಯಲ್ಲಿ ತನ್ನ ಹೆಸರು ಬಂದಿದೆ ಅಂತ ತಿಳಿದ ರಾತ್ರಿ ನಿದ್ದೆ ಮಾಡಿರಲಿಲ್ಲ. ಅವಳು ಹೋದರೆ ಸೇದೋ ಬಾವಿಯಿಂದ ದಿನಾ ಎಂಟು ಕೊಡ ನೀರು ಉಡಚಿಯ ತಲೆಗೆ. ಕಚ್ಚಾಟವೆಲ್ಲ ಅದಕ್ಕೇ.

ಅಂದು ಶುಕ್ರವಾರ. ದೀಪ ಹಚ್ಚುತ್ತಿದ್ದಂತೆ ಉಡಚಿ ಜಡೆ ಬಿಚ್ಚಿ, ಊರ ದೇವಿ ಅಮ್ಮ ಮೈಮೇಲೆ ಬಂದವಳಂತೆ ತೂಗಾಡತೊಡಗಿದಳು.

"ಓಬಿ ಹೊಸಲು ದಾಟಬಾರ್ದು! ದಾಟಿದ್ರೆ ಈ ಮನೇಲಿ ನಾನಿರಲ್ಲ!"

"ತಪ್ಪಾತು ತಾಯಿ," ಗಾದ್ರಪ್ಪ ಉದ್ದಕ್ಕೆ ಬಿದ್ದ. ಕಾಟಮ್ಮ ಕೈನೋವು ಮರೆತು ಕುಂಕುಮದ ಬಟ್ಟಲಿಗೆ ಓಡಿದಳು. ಓಬವ್ವ ನೋಡುತ್ತ ನಿಂತಳು. ಕಣ್ಣು ಮುಚ್ಚಿಕೊಂಡೇ ಅಮ್ಮ ಹಾಲಿನ ಗಡಿಗೆಯನ್ನು ನಾಜೂಕಾಗಿ ಬಳಸಿಕೊಂಡು ಹೋದಳು.

ಬೆಳಿಗ್ಗೆ ಗಾದ್ರಪ್ಪ ನೆಲ ನೋಡುತ್ತ ಹೇಳಿದ: "ಬ್ಯಾಡ ಬಿಡು ಓಬವ್ವ. ಅಮ್ಮನೇ ಬ್ಯಾಡ ಅಂದೈತೆ."

ಓಬವ್ವ ಎದುರು ಮಾತಾಡಿದವಳೇ ಅಲ್ಲ. ಕಾಲ್ಬೆರಳಿನಿಂದ ನೆಲ ಕೆರೆಯುತ್ತ, "ಆತಪ್ಪಾ. ಆದ್ರೆ ಮೂಕಮ್ಮಜ್ಜೀನ ಒಂದ್ ಮಾತು ಕೇಳಾನ. ಅಮ್ಮ ಬಂದ ಮೇಲೆ ಹೆಂಗೆ ನಡ್ಕಬೇಕೋ ಏನೋ," ಅಂದಳು.

ಹೆಸರು ಮೂಕಮ್ಮ ಆದರೂ ಅಜ್ಜಿಯ ಬಾಯಿಗೆ ಬಿಡುವಿರಲಿಲ್ಲ. ನಲವತ್ತು ವರ್ಷದಿಂದ ತಮ್ಮೂರು ಸೊಕ್ಕೆಯಲ್ಲಿ ಅಮ್ಮ ಮೈಮೇಲೆ ಬರುತ್ತಿದ್ದುದು ಅವಳಿಗೇ. ಉಡಚಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಬಂತೇನವ್ವ? ಬರ್ಲಿ, ನಂಗೂ ವಯಸ್ಸಾತು. ಇನ್ನು ಒಂಬತ್ತು ವಾರ ಮಡಿ. ದಿನಕ್ಕೊಂದೇ ಹೊತ್ತು ಊಟ. ಕೋಳಿ ಕೂಗಾಕೆ ಮೊದ್ಲೇ ತಣ್ಣೀರ ಸ್ನಾನ. ಮನೇ ನೀರ್ನ ಬ್ಯಾರೇರು ಮುಟ್ಟಂಗಿಲ್ಲ, ಅಮ್ಮ ಬಂದಾಕೇನೇ ಸೇದಿ ತರ್ಬೇಕು."

"ಎಷ್ಟು ಕೊಡ ಅಜ್ಜೀ?" ಓಬವ್ವ ಮೆಲ್ಲಗೆ ಕೇಳಿದಳು.

"ಒಂಬತ್ತು."

ಓಬವ್ವ ಎಂಟೇ ತರುತ್ತಿದ್ದಳು.

ಮನೆಗೆ ಬಂದವನೇ ಗಾದ್ರಪ್ಪ ಕೈಮುಗಿದ. "ಉಡಚಮ್ಮನೋರೆ, ಏಳ್ರಿ. ನೀರಿಗೆ ಹೊತ್ತಾತು."

"ಅಪ್ಪಾ, ನಾನ್ ಕಣಪ್ಪಾ!"

"ಗೊತ್ತು ತಾಯಿ. ಏಳ್ರಿ."

ಸಿಟ್ಟಿಗೆ ಅವನ ಕೈಯನ್ನೂ ಕಚ್ಚಿದಳು. ಗಾದ್ರಪ್ಪ ಆ ಕೈಯನ್ನು ಭಕ್ತಿಯಿಂದ ಕಣ್ಣಿಗೊತ್ತಿಕೊಂಡ. ಉಡಚಿಯ ಇಡೀ ವಿದ್ಯೆ ಅಲ್ಲಿಗೆ ಕೆಟ್ಟಿತು. ಸಂಜೆ ಊಟವಿಲ್ಲ. ಭಾನುವಾರ ನಸುಕಿಗೇ ತಣ್ಣೀರು, ಆಮೇಲೆ ಹಗ್ಗ, ಒಂಬತ್ತು ಕೊಡ. ಬಾವಿ ಹತ್ತಿರ ನಿಂತವರೆಲ್ಲ ದಾರಿ ಬಿಟ್ಟು ಕೈಮುಗಿದರೇ ಹೊರತು ಒಬ್ಬರೂ ಕೊಡಕ್ಕೆ ಕೈ ಹಚ್ಚಲಿಲ್ಲ.

ಸಂಜೆ ಅಮ್ಮ ಮತ್ತೆ ಬಂದಳು. ಈ ಸಲ ತೂಗಾಡಲು ತ್ರಾಣವಿರಲಿಲ್ಲ, ಕೂತಲ್ಲೇ ಬಂದಳು.

"ಓಬಿ ಹೋಗ್ಲಿ. ನಾನೂ ಹೊಂಟೆ. ಇನ್ ಬರಲ್ಲ."

"ಹಂಗೇ ಹೊಂಟ್ರೆ ಹೆಂಗವ್ವ?" ಕಾಟಮ್ಮ ಗಾಬರಿಯಾದಳು.

"ಎರಡು ಮುದ್ದೆ ಹಾಕು, ಉಂಡು ಹೊಕ್ಕೀನಿ."

ಸೋಮವಾರ ಬೆಳಿಗ್ಗೆ ಉಡಚಿ ನೆಮ್ಮದಿಯಾಗಿ ಕಾಲು ಚಾಚಿ ಮಲಗಿದ್ದಳು. ಕಾಟಮ್ಮ ಅವಳ ಪಕ್ಕದಲ್ಲಿ ಕೊಡ ತಂದಿಟ್ಟಳು. "ಅಮ್ಮ ಹೋತಲ್ಲ, ಇನ್ನು ಒಂಬತ್ತು ಬ್ಯಾಡ. ಎಂಟು ತಂದ್ರೆ ಸಾಕು."

ಓಬವ್ವ ಅಷ್ಟರಲ್ಲಿ ಬಸ್ಸಿನೊಳಗಿದ್ದಳು. ಒಂದು ಕಡೆ ಕೋಳಿ ಬುಟ್ಟಿ, ಇನ್ನೊಂದು ಕಡೆ ಯಾರದೋ ಮೊಣಕೈ. ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದಳು. ಕಂಡಕ್ಟರು ಹತ್ತಿರ ಬಂದಾಗ ಎರಡು ಸಲ ಬಾಯಿ ತೆರೆದಳು. ಮೂರನೇ ಸಲ ದನಿ ಬರುವಷ್ಟರಲ್ಲಿ ಅವನು ಅವಳನ್ನು ದಾಟಿ ಮುಂದಿನ ಸೀಟಿನವರ ಜೊತೆ ಜಗಳಕ್ಕಿಳಿದಿದ್ದ.

"ಜಗಳೂರಿಗೆ ಒಂದು ಟಿಕೀಟು ಕೊಡ್ರಿ," ಅಂದಳು ಓಬವ್ವ, ಅವನ ಬೆನ್ನಿಗೆ.